ಪಂಪು ನಿಂತಾಗ ಮೊದಲು ಬಾವಿಗೆ ಬಗ್ಗಿ ನೋಡಿ

ನಮ್ಮ ದಕ್ಷಿಣ ಕನ್ನಡದ ಒಳನಾಡಿನಲ್ಲಿ ಏಪ್ರಿಲ್ ಬಂತೆಂದರೆ ಮೋಟರ್ ರಿಪೇರಿ ಅಂಗಡಿಗಳ ಮುಂದೆ ಪಂಪುಗಳು ಸಾಲುಗಟ್ಟುತ್ತವೆ. ಬಿಚ್ಚಿಟ್ಟ ಕಾಯಿಲ್, ವಾರ್ನಿಷ್ ವಾಸನೆ, "ನಾಳೆ ಬನ್ನಿ" ಅನ್ನುವ ಉತ್ತರ. ಆ ಸಾಲಿನ ಎಷ್ಟೋ ಪಂಪುಗಳಲ್ಲಿ ಮೊದಲಿಗೆ ಯಾವ ದೋಷವೂ ಇರಲಿಲ್ಲ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ಬಾವಿಯಲ್ಲಿ ನೀರು ಕೆಳಗೆ ಹೋಗಿತ್ತು. ಅದನ್ನು ಯಾರೂ ನೋಡಲಿಲ್ಲ. ಪಂಪು ನೀರಿಲ್ಲದೆ ತಿರುಗಿತು, ಸೀಲ್ ಸುಟ್ಟಿತು, ಆ ಸಂದಿನಿಂದ ನೀರು ಮೋಟರಿನೊಳಗೆ ನುಗ್ಗಿತು, ಕಾಯಿಲ್ ಹೋಯಿತು. ಸಾವಿರಾರು ರೂಪಾಯಿ ಕೊಟ್ಟು ಕಾಯಿಲ್ ಕಟ್ಟಿಸಿ ತಂದು ಕೂರಿಸಿದರೆ ಅದೇ ಬಾವಿ, ಅದೇ ನೀರು. ಮತ್ತೆ ಅದೇ ಕತೆ.

ನಮ್ಮ ಬಾವಿಗಳ ಸ್ವಭಾವ ಹಾಗಿದೆ. ಇಲ್ಲಿ ವರ್ಷಕ್ಕೆ 3,500 ಮಿಲಿಮೀಟರಿನಷ್ಟು ಮಳೆ ಬೀಳುತ್ತದೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ನೆಲ ಮುರಕಲ್ಲಿನದು, ತೂತು ತೂತಾದ ಕಲ್ಲು. ಮಳೆಯನ್ನು ಬೇಗ ಕುಡಿಯುತ್ತದೆ, ಅಷ್ಟೇ ಬೇಗ ಹಳ್ಳಕ್ಕೆ, ಹೊಳೆಗೆ ಬಿಟ್ಟುಕೊಡುತ್ತದೆ. ಹಾಗಾಗಿ ಜುಲೈಯಲ್ಲಿ ಕಟ್ಟೆಯ ಹತ್ತಿರ ತುಳುಕುತ್ತಿದ್ದ ಬಾವಿಯಲ್ಲಿ ಏಪ್ರಿಲ್ ಹೊತ್ತಿಗೆ ಕೊಡಪಾನ ತಳಕ್ಕೆ ತಾಗಿ ಕೆಸರು ಮೇಲೆ ಬರುತ್ತದೆ. ಬಯಲುಸೀಮೆಯ ತೆರೆದ ಬಾವಿಗಳಲ್ಲಿ ನೀರು ವರ್ಷದಿಂದ ವರ್ಷಕ್ಕೆ ಇಳಿದು ಹೋಯಿತು. ನಮ್ಮಲ್ಲಿ ಒಂದೇ ವರ್ಷದಲ್ಲಿ ಅಷ್ಟೂ ಏರಿಳಿತ ಆಗುತ್ತದೆ. ಮೇಲೆ ಕೂತ ಪಂಪು ಮಾತ್ರ ಹನ್ನೆರಡು ತಿಂಗಳೂ ಇದ್ದಲ್ಲೇ ಇರುತ್ತದೆ.

ಈಗ ಒಂದು ವಿಷಯ ಗಟ್ಟಿಯಾಗಿ ಹಿಡಿದುಕೊಂಡರೆ ಉಳಿದದ್ದೆಲ್ಲ ಸುಲಭ. ಬಾವಿಯ ಮೇಲೆ ಕೂತ ಪಂಪು ನೀರನ್ನು ಹಿಡಿದು ಮೇಲಕ್ಕೆ ಎತ್ತುವುದಿಲ್ಲ. ಅದು ಮಾಡುವುದು ಇಷ್ಟೇ: ಪೈಪಿನೊಳಗಿನ ಒತ್ತಡವನ್ನು ಕಡಿಮೆ ಮಾಡುತ್ತದೆ. ಹೊರಗಿನ ಗಾಳಿ ಬಾವಿಯ ನೀರಿನ ಮೇಲೆ ಕೂತು ಒತ್ತುತ್ತಿರುತ್ತದಲ್ಲ, ಆ ಒತ್ತಡವೇ ನೀರನ್ನು ಪೈಪಿನೊಳಗೆ ಮೇಲಕ್ಕೆ ತಳ್ಳುತ್ತದೆ. ಗಾಳಿಗೆ ಎಷ್ಟು ಶಕ್ತಿ ಇದೆಯೋ ಅಷ್ಟೇ ಎತ್ತರ. ಹೀರುವ ಪಂಪು ಸುಮಾರು 10 ಮೀಟರಿಗಿಂತ ಆಳದಿಂದ ನೀರು ತರುವುದಿಲ್ಲ ಎಂಬುದು ಇಟಲಿಯಲ್ಲಿ ಗೆಲಿಲಿಯೋ ಕಾಲದ ಕೆಲಸಗಾರರಿಗೆ ಅನುಭವದಿಂದ ಗೊತ್ತಿತ್ತು. ಯಾಕೆ ಎಂಬುದನ್ನು ಅವನ ನಂತರ ಟೊರಿಚೆಲ್ಲಿ 1643ರ ಹೊತ್ತಿಗೆ ಪಾದರಸದ ಕೊಳವೆಯಲ್ಲಿ ತೋರಿಸಿದ. ಗಾಳಿ ಪಾದರಸವನ್ನು 76 ಸೆಂಟಿಮೀಟರ್ ಎತ್ತಿ ಹಿಡಿಯುತ್ತದೆ. ಪಾದರಸ ನೀರಿಗಿಂತ 13.6 ಪಟ್ಟು ಭಾರ. ಗುಣಿಸಿ ನೋಡಿ, ನೀರಿಗೆ 10.3 ಮೀಟರ್ ಬರುತ್ತದೆ.

ಅದು ಸಮುದ್ರ ಮಟ್ಟದಲ್ಲಿ, ಎಲ್ಲವೂ ಸರಿಯಿದ್ದರೆ ಮಾತ್ರ. ಪೈಪಿನ ಉಜ್ಜಾಟ, ಬಾಗುಗಳು, ಪೈಪಿನ ಬುಡದಲ್ಲಿ ನೀರು ಹಿಂದಕ್ಕೆ ಇಳಿಯದಂತೆ ತಡೆಯುವ ಫುಟ್‌ವಾಲ್ವ್‌ನ ಜಾಲರಿ ಎಲ್ಲವೂ ಅದರಲ್ಲಿ ತಮ್ಮ ಪಾಲು ತೆಗೆದುಕೊಳ್ಳುತ್ತವೆ. ಕೈಗೆ ಸಿಗುವುದು 7 ಮೀಟರ್ ಆಸುಪಾಸು, ಅಂದರೆ 22–23 ಅಡಿ. ಎತ್ತರದ ಊರುಗಳಲ್ಲಿ ಇನ್ನೂ ಕಡಿಮೆ. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, ಅಲ್ಲಿ ಗಾಳಿಯ ಒತ್ತಡ ಕಡಿಮೆ. ಲೆಕ್ಕದಲ್ಲಿ ಸುಮಾರು ಒಂದು ಮೀಟರ್ ಅಲ್ಲೇ ಹೋಯಿತು. ಮಡಿಕೇರಿಯಲ್ಲಿ ಇನ್ನೂ ಸ್ವಲ್ಪ ಜಾಸ್ತಿ ಹೋಗುತ್ತದೆ. ಒಂದು ಎಚ್‌ಪಿ ತೆಗೆದು ಮೂರು ಎಚ್‌ಪಿ ಹಾಕಿದರೂ ಈ ಮಿತಿ ಒಂದು ಅಡಿಯೂ ಮುಂದೆ ಹೋಗುವುದಿಲ್ಲ. ದೊಡ್ಡ ಮೋಟರ್ ನೀರನ್ನು ಪಂಪಿನಿಂದ ಮೇಲಕ್ಕೆ, ಟ್ಯಾಂಕಿಗೆ ಜೋರಾಗಿ ತಳ್ಳಬಹುದು. ಬಾವಿಯಿಂದ ಪಂಪಿನವರೆಗೆ ತರುವ ಕೆಲಸ ಗಾಳಿಯದ್ದು, ಗಾಳಿಯ ಎಚ್‌ಪಿ ಹೆಚ್ಚಿಸಲು ಆಗುವುದಿಲ್ಲ.

ನಮ್ಮ ನೆಂಟರ ಮನೆಯೊಂದರಲ್ಲಿ ಇದನ್ನು ಕಣ್ಣಾರೆ ಕಂಡೆ. ಜೂನ್‌ನಿಂದ ಫೆಬ್ರವರಿವರೆಗೆ ಪಂಪು ಚಂದ ಓಡುತ್ತದೆ. ಮಾರ್ಚ್ ಕಳೆಯುವಾಗ ನೀರು ಸಣ್ಣಗಾಗುತ್ತದೆ, ಏಪ್ರಿಲ್‌ನಲ್ಲಿ ಪೂರ್ತಿ ನಿಲ್ಲುತ್ತದೆ. ಪ್ರತಿ ವರ್ಷ ಹೀಗೆ. ಕೆಪಾಸಿಟರ್ ಬದಲಾಯಿತು, ಫುಟ್‌ವಾಲ್ವ್ ಬದಲಾಯಿತು, ಕಾಯಿಲ್ ಕಟ್ಟಿಸಿದ್ದಾಯಿತು, ಕೊನೆಗೆ ಹೊಸ ಪಂಪೇ ಬಂತು. ಒಂದು ದಿನ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿದೆವು. ಪಂಪಿನ ನಡುವಿನಿಂದ ನೀರಿನ ಮಟ್ಟಕ್ಕೆ 27 ಅಡಿ. ಉತ್ತರ ಅಲ್ಲೇ ಇತ್ತು. ಆ ಹಗ್ಗಕ್ಕೆ ಖರ್ಚು ಏನೂ ಇರಲಿಲ್ಲ. ಬಂದ ರಿಪೇರಿಯವರಲ್ಲಿ ಒಬ್ಬರಿಗೂ ಅಳೆಯಬೇಕು ಅನ್ನಿಸಿರಲಿಲ್ಲ ಎಂಬುದು ನನಗೆ ಇಂದಿಗೂ ಬೇಸರದ ವಿಷಯ. ಮೋಟರ್ ಗೊತ್ತಿದ್ದವರು ಮೋಟರನ್ನೇ ನೋಡುತ್ತಾರೆ. ಬಾವಿಯನ್ನು ನೋಡಬೇಕಾದವರು ಮನೆಯವರೇ.

ಪರಿಹಾರ ಹಳೆಯದು. ಪಂಪನ್ನೇ ಕೆಳಗೆ ಇಳಿಸುವುದು. ಹಿಂದಿನವರು ಬಾವಿ ಕಡಿಯುವಾಗಲೇ ಒಳಗೆ ಅರ್ಧದಲ್ಲಿ ಒಂದು ಕಲ್ಲಿನ ಮೆಟ್ಟು ಬಿಡುತ್ತಿದ್ದುದುಂಟು. ಇಲ್ಲದಿದ್ದರೆ ಗೋಡೆಗೆ ಕಬ್ಬಿಣದ ಆಂಗಲ್ ಹೂತು ಅದರ ಮೇಲೆ ಪಂಪು ಕೂರಿಸಬಹುದು. ಆ ನೆಂಟರ ಮನೆಯಲ್ಲಿ ಎಂಟು ಅಡಿ ಇಳಿಸಿದ ಮೇಲೆ ಅದೇ ಪಂಪು, ಅದೇ ಮೋಟರ್, ಮೇ ತಿಂಗಳಿನಲ್ಲೂ ಪೈಪು ತುಂಬ ನೀರು ಕೊಟ್ಟಿತು.

ಹಾಗಂತ ಎಲ್ಲ ತೊಂದರೆಯೂ ನೀರಿನ ಮಟ್ಟದ್ದೇ ಅಂತಲ್ಲ. ಅಳೆದಾಗ ನೀರು ಹದಿನೈದು ಅಡಿಯಲ್ಲೇ ಇದ್ದು, ಮೋಟರ್ ಸರಾಗ ತಿರುಗುತ್ತಿದ್ದು, ನೀರು ಮಾತ್ರ ಬಾರದಿದ್ದರೆ ಆಗ ಹುಡುಕಬೇಕಾದ್ದು ಗಾಳಿಯನ್ನು. "ಗಾಳಿ ಹಿಡಿದಿದೆ" ಅಂತ ನಾವು ಹೇಳುವುದು ಸರಿಯಾಗಿಯೇ ಇದೆ. ಪಂಪಿನೊಳಗೆ ತಿರುಗುವ ಚಕ್ರ, ಅಂದರೆ ಇಂಪೆಲ್ಲರ್, ನೀರನ್ನು ಬೀಸಿ ಎಸೆಯಬಲ್ಲದು, ಗಾಳಿಯನ್ನು ಎಸೆದು ಒತ್ತಡ ಇಳಿಸುವಷ್ಟು ಶಕ್ತಿ ಅದಕ್ಕಿಲ್ಲ. ಗಾಳಿ ನೀರಿಗಿಂತ ಸುಮಾರು 800 ಪಟ್ಟು ಹಗುರ. ಅದಕ್ಕೇ ಶುರು ಮಾಡುವ ಮೊದಲು ಪಂಪು ಮತ್ತು ಬಾವಿಯಿಂದ ಪಂಪಿಗೆ ಬರುವ ಸಕ್ಷನ್ ಪೈಪಿನಲ್ಲಿ ನೀರು ತುಂಬಿರಬೇಕು. ಆ ನೀರನ್ನು ಹಿಡಿದಿಡುವುದು ಪೈಪಿನ ಬುಡದಲ್ಲಿರುವ ಫುಟ್‌ವಾಲ್ವ್.

ಪರೀಕ್ಷೆ ಸುಲಭ. ಸ್ವಿಚ್ ಆಫ್ ಮಾಡಿ, ಮೇಲಿನ ಮುಚ್ಚಳ ಬಿಚ್ಚಿ, ಕಂಠಮಟ್ಟ ನೀರು ಹಾಕಿ. ಸುಮ್ಮನೆ ನಿಂತು ನೋಡಿ. ನೀರು ನಿಧಾನಕ್ಕೆ ಇಳಿಯುತ್ತಿದ್ದರೆ ಫುಟ್‌ವಾಲ್ವ್ ಸೋರುತ್ತಿದೆ ಅಂತ ಅರ್ಥ. ಹೆಚ್ಚಿನ ಸಲ ಒಳಗೆ ಸಿಕ್ಕಿಕೊಂಡಿರುವುದು ಒಂದು ಎಲೆಯ ದಂಟು, ಸಣ್ಣ ಕಲ್ಲು, ಇಲ್ಲವೇ ಒಂದು ಮರಿ ಬಸವನಹುಳ. ಪೈಪು ಎತ್ತಿ ತೊಳೆದರೆ ಸರಿಯಾಗುತ್ತದೆ. ಒಳಗಿನ ವಾಷರ್ ಸವೆದಿದ್ದರೆ ವಾಷರ್ ಬದಲಿಸಿ. ಇಷ್ಟಕ್ಕೆ ಯಾರನ್ನೂ ಕರೆಯಬೇಕಾಗಿಲ್ಲ.

ನೀರು ಇಳಿಯದೆ ನಿಂತಿದೆ, ಆದರೂ ಪಂಪು ಹಾಕಿದ ಸ್ವಲ್ಪ ಹೊತ್ತಿಗೆ ಧಾರೆ ಒಡೆಯುತ್ತದೆ, ಬಿಟ್ಟು ಬಿಟ್ಟು ಬರುತ್ತದೆ ಅಂದರೆ ದಾರಿಯಲ್ಲಿ ಎಲ್ಲೋ ಗಾಳಿ ಒಳಹೋಗುತ್ತಿದೆ. ಇದು ಸತಾಯಿಸುವ ದೋಷ. ಯಾಕೆಂದರೆ ಪಂಪಿನಿಂದ ಟ್ಯಾಂಕಿಗೆ ಹೋಗುವ ಡೆಲಿವರಿ ಪೈಪು ತೂತಾದರೆ ನೀರು ಚಿಮ್ಮಿ ತಾನೇ ತೋರಿಸಿಕೊಡುತ್ತದೆ. ಸಕ್ಷನ್ ಪೈಪಿನಲ್ಲಿ ಒಳಗಿನ ಒತ್ತಡ ಹೊರಗಿಗಿಂತ ಕಡಿಮೆ. ಸೂಜಿಮೊನೆಯ ತೂತಿದ್ದರೂ ಒಂದು ಹನಿ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಕಣ್ಣಿಗೆ ಪೈಪು ಒಣಗಿಯೇ ಇರುತ್ತದೆ. ಪಂಪು ಓಡುತ್ತಿರುವಾಗ ಪ್ರತಿ ಜಾಯಿಂಟಿಗೂ ದಪ್ಪ ಸೋಪಿನ ನೊರೆ ಹಚ್ಚುತ್ತಾ ಹೋಗಿ. ಎಲ್ಲಿ ನೊರೆ ಒಳಕ್ಕೆ ಹೀರಿಕೊಳ್ಳುತ್ತದೋ ಅಲ್ಲೇ ದೋಷ. ಬಿಸಿಲಿಗೆ ಒಡ್ಡಿದ ಪಿವಿಸಿ ಬೆಂಡು, ತುಕ್ಕು ಹಿಡಿದ ಜಿಐ (ಸತು ಲೇಪದ ಕಬ್ಬಿಣ) ಪೈಪಿನ ತಿರುಪು, ಒಣಗಿದ ಗ್ಯಾಸ್ಕೆಟ್, ಪಂಪಿನ ದಂಡದ (ಶಾಫ್ಟಿನ) ಸೀಲ್, ಇವೇ ಸಾಮಾನ್ಯ ಜಾಗಗಳು. ತಾತ್ಕಾಲಿಕವಾಗಿ ಹಳೆ ಸೈಕಲ್ ಟ್ಯೂಬನ್ನು ಪಟ್ಟಿ ಕತ್ತರಿಸಿ ಬಿಗಿಯಾಗಿ ಸುತ್ತಿದರೆ ಎರಡು ದಿನದ ನೀರಿಗೆ ತೊಂದರೆ ಇಲ್ಲ. ಆಮೇಲೆ ಸರಿಯಾಗಿ ಜೋಡಿಸಲೇಬೇಕು.

ಪೈಪು ಹಾಕುವಾಗಲೇ ಆಗುವ ಒಂದು ತಪ್ಪನ್ನೂ ಹೇಳಬೇಕು. ಸಕ್ಷನ್ ಪೈಪು ಬಾವಿಯಿಂದ ಪಂಪಿನವರೆಗೆ ಒಂದೇ ಸಮ ಏರುತ್ತಾ ಬರಬೇಕು. ಮಧ್ಯೆ ಎಲ್ಲಾದರೂ ಗೂನು ಬಂದು ಮತ್ತೆ ಇಳಿದರೆ ಆ ಗೂನಿನಲ್ಲಿ ಗಾಳಿ ಕೂತುಬಿಡುತ್ತದೆ, ಎಷ್ಟು ನೀರು ಹಾಕಿದರೂ ಹೋಗುವುದಿಲ್ಲ. ಬಾವಿಕಟ್ಟೆ ದಾಟಿಸಲೆಂದು ಪೈಪನ್ನು ಮೇಲೆ ಹತ್ತಿಸಿ ಇಳಿಸಿದ ಮನೆಗಳಲ್ಲಿ ಇದು ಶಾಶ್ವತ ಕಾಯಿಲೆ. ಕಟ್ಟೆಯಲ್ಲಿ ಒಂದು ತೂತು ಕೊರೆದು ಪೈಪನ್ನು ನೇರ ತಂದರೆ ಮುಗಿಯಿತು.

ಸದ್ದು ಕೂಡ ಬಹಳ ಹೇಳುತ್ತದೆ. ಪಂಪಿನ ಹೊಟ್ಟೆಯಲ್ಲಿ ಜಲ್ಲಿಕಲ್ಲು ಹಾಕಿ ಅಲ್ಲಾಡಿಸಿದಂತೆ ಕೇಳಿಸಿದರೆ ಅದು ಕಲ್ಲಲ್ಲ. ಒಳಗಿನ ಒತ್ತಡ ತೀರಾ ಇಳಿದು ನೀರು ಅಲ್ಲೇ ಆವಿಯ ಗುಳ್ಳೆಯಾಗಿ, ಮರುಕ್ಷಣ ಆ ಗುಳ್ಳೆಗಳು ಒಡೆಯುವ ಸದ್ದು ಅದು. ಆ ಒಡೆತಕ್ಕೆ ಕಬ್ಬಿಣದ ಇಂಪೆಲ್ಲರ್ ಕೂಡ ಗುಳಿ ಬೀಳುತ್ತದೆ. ನೀರಿನ ಮಟ್ಟ ಮಿತಿಗೆ ಹತ್ತಿರ ಬಂದಿದೆ, ಅಥವಾ ಫುಟ್‌ವಾಲ್ವ್‌ನ ಜಾಲರಿ ಕಟ್ಟಿದೆ ಎಂಬುದರ ಎಚ್ಚರಿಕೆ. ಬಾವಿಯೊಳಗಿನಿಂದ ಗೊರಗೊರ ಸದ್ದು ಬಂದರೆ ಫುಟ್‌ವಾಲ್ವ್ ಮೇಲೆ ನೀರು ಸಾಕಷ್ಟಿಲ್ಲ, ಸುಳಿ ಎದ್ದು ಗಾಳಿ ಒಳಗೆ ಹೋಗುತ್ತಿದೆ. ಕಡಿಮೆಯೆಂದರೆ ಎರಡಡಿ ನೀರಾದರೂ ಅದರ ಮೇಲಿರಬೇಕು. ಹಾಗೆಂದು ತಳಕ್ಕೆ ತಾಗಿಸಿದರೆ ಹೂಳು ಬರುತ್ತದೆ, ಒಂದಡಿ ಮೇಲೆ ನಿಲ್ಲಿಸಬೇಕು.

ಮೋಟರ್ ತಿರುಗದೆ ಬರೀ ಹೂಂಗುಟ್ಟಿದರೆ ತಕ್ಷಣ ಆಫ್ ಮಾಡಿ. ಸಿಂಗಲ್ ಫೇಸ್ ಮೋಟರಿಗೆ ತಾನಾಗಿ ತಿರುಗಲು ಶುರು ಮಾಡುವ ಶಕ್ತಿ ಇಲ್ಲ. ಕೆಪಾಸಿಟರ್ ಕೊಡುವ ತಳ್ಳುವಿಕೆ ಬೇಕು. ಅದು ಸತ್ತಿರಬಹುದು. ಹಳೆಯದರ ಮೇಲೆ ಬರೆದ ಮೈಕ್ರೋಫ್ಯಾರಡ್ ಸಂಖ್ಯೆ ನೋಡಿ ಅಷ್ಟರದ್ದೇ ತನ್ನಿ. ಕರೆಂಟು ತೆಗೆದ ಮೇಲೂ ಕೆಪಾಸಿಟರ್‌ನಲ್ಲಿ ವಿದ್ಯುತ್ ಉಳಿದಿರುತ್ತದೆ, ಬರಿಗೈಯಲ್ಲಿ ಮುಟ್ಟಬೇಡಿ. ಮೇನ್ ಸ್ವಿಚ್ ತೆಗೆದು, ದಂಡದ ಹಿಂದಿನ ತುದಿಯನ್ನು ಸ್ಕ್ರೂಡ್ರೈವರ್‌ನಲ್ಲಿ ತಿರುಗಿಸಿ ನೋಡಿ. ತಿರುಗದಿದ್ದರೆ ಕೆಪಾಸಿಟರ್ ಬದಲಿಸಿ ಪ್ರಯೋಜನವಿಲ್ಲ, ಒಳಗೆ ಜಾಮ್ ಆಗಿದೆ. ಮಳೆಗಾಲವಿಡೀ ಸುಮ್ಮನೆ ಕೂತ ತೋಟದ ಪಂಪುಗಳು ನವೆಂಬರ್‌ನಲ್ಲಿ ಹೀಗೆ ಮಾಡುವುದು ಜಾಸ್ತಿ. ಮುರಕಲ್ಲಿನಲ್ಲಿ ಕಬ್ಬಿಣದ ಅಂಶ ಹೆಚ್ಚು, ಪಂಪಿನೊಳಗೂ ಅದೇ ಕೆಂಪು ಕಿಟ್ಟ ಕಟ್ಟುತ್ತದೆ. ತಿಂಗಳಿಗೊಮ್ಮೆ ಐದು ನಿಮಿಷ ಓಡಿಸಿದರೆ ಈ ತೊಂದರೆಯೇ ಬರುವುದಿಲ್ಲ.

ಕೆಪಾಸಿಟರ್ ಸರಿ, ದಂಡವೂ ತಿರುಗುತ್ತದೆ, ಆದರೂ ಸಂಜೆ ಹೊತ್ತು ಮಾತ್ರ ಹೂಂಗುಟ್ಟುತ್ತದೆ ಅಂದರೆ ವೋಲ್ಟೇಜ್ ನೋಡಿ. ಬೇಸಿಗೆಯಲ್ಲಿ ಒಂದೇ ಟಿಸಿಯ (ಟ್ರಾನ್ಸ್‌ಫಾರ್ಮರಿನ) ಮೇಲೆ ಇಡೀ ಊರಿನ ಪಂಪು. ಮೋಟರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ತಕ್ಕ ಹಾಗೆ ಇಳಿಯುತ್ತದೆ. 230 ಇರಬೇಕಾದಲ್ಲಿ 170 ಬಂದರೆ ಬಲ ಅರ್ಧಕ್ಕಿಂತ ಸ್ವಲ್ಪ ಮಾತ್ರ ಮೇಲೆ. ಹಾಗಾಗಿ ರಾತ್ರಿ ಹತ್ತರ ಮೇಲೆ ಹಾಕಿದಾಗ ಅದೇ ಪಂಪು ಒಂದೇ ಸಲಕ್ಕೆ ಎದ್ದು ಓಡುವುದರಲ್ಲಿ ಆಶ್ಚರ್ಯವಿಲ್ಲ. ತ್ರೀ ಫೇಸ್ ಇದ್ದವರು ಇನ್ನೊಂದು ಗಮನಿಸಿ. ಲೈನ್ ಕೆಲಸ ಆದ ಮೇಲೆ ಎರಡು ಫೇಸ್ ಅದಲು ಬದಲಾಗಿದ್ದರೆ ಪಂಪು ಉಲ್ಟಾ ತಿರುಗುತ್ತದೆ. ಆಗಲೂ ನೀರು ಬರುತ್ತದೆ, ಆದರೆ ಸೊರಗಿದ ಧಾರೆ. ಬಾಡಿಯ ಮೇಲಿನ ಬಾಣದ ಗುರುತಿಗೆ ಹೋಲಿಸಿ ನೋಡಿದರೆ ತಿಳಿಯುತ್ತದೆ.

ವಯರು ಬಿಚ್ಚದೆ ಸುತ್ತ ಹಿಡಿದು ಕರೆಂಟು ಅಳೆಯುವ ಕ್ಲ್ಯಾಂಪ್ ಮೀಟರ್ ಒಂದು ಮನೆಯಲ್ಲಿದ್ದರೆ ಬಹಳ ಉಪಕಾರ. ಹೊಸದರಲ್ಲಿ, ಎಲ್ಲ ಸರಿ ಇದ್ದಾಗ ಎಷ್ಟು ಆಂಪಿಯರ್ ಎಂದು ಪಂಪುಶೆಡ್ಡಿನ ಗೋಡೆಯ ಮೇಲೆ ಬರೆದಿಡಿ. ಮುಂದೆ ಆಂಪಿಯರ್ ಇಳಿದಿದ್ದರೆ ಪಂಪಿಗೆ ನೀರು ಸಿಗುತ್ತಿಲ್ಲ. ಏರಿದ್ದರೆ ಜಾಮ್, ಬೇರಿಂಗ್, ಕಾಯಿಲ್ ಅಥವಾ ಕಡಿಮೆ ವೋಲ್ಟೇಜ್. ಅರ್ಧ ರೋಗ ಅಲ್ಲೇ ತಿಳಿಯಿತು. ನಮ್ಮ ಶೆಡ್ಡಿನ ಗೋಡೆಯ ಮೇಲೆ ಅಮ್ಮ ಮಸಿಯಲ್ಲಿ ತಿಂಗಳಿಗೊಮ್ಮೆ ನೀರಿನ ಮಟ್ಟವನ್ನೂ ಬರೆಯುತ್ತಾರೆ. ಯಾವ ರಿಪೇರಿಯವರ ಬಳಿಯೂ ಇಲ್ಲದ ಮಾಹಿತಿ ಅದು.

ಆ ಮಟ್ಟದಿಂದ ಇನ್ನೊಂದು ಲೆಕ್ಕವೂ ಸಿಗುತ್ತದೆ, ನನಗೆ ಇದು ತುಂಬ ಮುಖ್ಯ ಅನ್ನಿಸುತ್ತದೆ. ಬಾವಿಯ ಅಗಲ ಆರು ಅಡಿ ಇದ್ದರೆ ಒಂದು ಅಡಿ ನೀರೆಂದರೆ ಸುಮಾರು 800 ಲೀಟರ್. ಪಂಪು ನಿಲ್ಲಿಸಿ ಎರಡು ಗಂಟೆಯಲ್ಲಿ ಒಂದು ಅಡಿ ಏರಿತು ಅಂದರೆ ಒರತೆ ಗಂಟೆಗೆ 400 ಲೀಟರ್ ಕೊಡುತ್ತಿದೆ. ಪಂಪು ಗಂಟೆಗೆ ಐದಾರು ಸಾವಿರ ಲೀಟರ್ ಎತ್ತುವಂಥದ್ದು. ಬಾವಿ ಬರಿದಾಗದೆ ಇನ್ನೇನಾಗುತ್ತದೆ? ಹಳ್ಳಿಯಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂಬುದು ಜಲ ಜೀವನ್ ಮಿಷನ್ ಇಟ್ಟುಕೊಂಡ ಅಳತೆ. ಆ ಲೆಕ್ಕದಲ್ಲಿ ಐದು ಜನರ ಮನೆಗೆ ಒಂದಡಿ ನೀರು ಎರಡೂವರೆ ದಿನಕ್ಕೂ ಮೇಲೆ ಸಾಕು. ಬತ್ತಿತು ಅಂತ ನಾವು ಹೇಳುವ ಎಷ್ಟೋ ಬಾವಿಗಳಲ್ಲಿ ಮನೆಗೆ ಬೇಕಾದಷ್ಟು ನೀರು ಇನ್ನೂ ಇರುತ್ತದೆ. ಸಾಲದಿರುವುದು ತೋಟಕ್ಕೆ. ಅಡಿಕೆ ತೋಟದ ಕಷ್ಟ ನನಗೂ ಗೊತ್ತು, ಅದನ್ನು ಹಗುರವಾಗಿ ಹೇಳುತ್ತಿಲ್ಲ. ಆದರೆ ಏಪ್ರಿಲ್‌ನಲ್ಲಿ ಕುಡಿಯುವ ಬಾವಿಗೆ ತೋಟದ ಪೈಪು ಹಾಕಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಸ್ವಲ್ಪ ಓಡಿಸಿ, ನಿಲ್ಲಿಸಿ, ಒರತೆಗೆ ಸಮಯ ಕೊಡಿ. ಡೆಲಿವರಿ ಕಡೆಯ ಗೇಟ್‌ವಾಲ್ವನ್ನು ಅರ್ಧ ಮುಚ್ಚಿದರೂ ಆಗುತ್ತದೆ. ನೀರು ನಿಧಾನಕ್ಕೆ ಬರುತ್ತದೆ, ಮೋಟರಿಗೆ ಭಾರವೂ ಕಡಿಮೆಯಾಗುತ್ತದೆ. ಸಕ್ಷನ್ ಕಡೆ ಮಾತ್ರ ಎಂದೂ ಹಾಗೆ ಮಾಡಬಾರದು.

ನೀರಿನೊಳಗೇ ಮುಳುಗಿ ಕೂರುವ ಓಪನ್‌ವೆಲ್ ಸಬ್‌ಮರ್ಸಿಬಲ್ ಹಾಕಿದರೆ ಈ ಹೀರುವ ತಾಪತ್ರಯ ಇಲ್ಲ ಅನ್ನುವುದು ನಿಜ. ಅದು ಕೆಳಗಿನಿಂದ ತಳ್ಳುತ್ತದೆ, ಫುಟ್‌ವಾಲ್ವ್ ಬೇಡ, ನೀರು ತುಂಬಿಸುವುದು ಬೇಡ. ಬೇಸಿಗೆ ಮಟ್ಟ 22 ಅಡಿ ದಾಟುವ ಬಾವಿಗೆ ನಾನೂ ಅದನ್ನೇ ಹೇಳುತ್ತೇನೆ. ನೀರು ಖಾಲಿಯಾದರೆ ತಾನೇ ನಿಲ್ಲಿಸುವ ಡ್ರೈರನ್ ಪ್ಯಾನೆಲ್ ಇಲ್ಲದೆ ಮಾತ್ರ ಹಾಕಬೇಡಿ. ಮಟ್ಟ ಮೇಲೆಯೇ ಇರುವ ಮನೆಗಳಲ್ಲಿ ಮೇಲೆ ಕೂರುವ ಹಳೆಯ ಮೋನೋಬ್ಲಾಕನ್ನು (ಮೋಟರ್, ಪಂಪು ಒಟ್ಟಿಗೇ ಇರುವುದನ್ನು) ಬದಲಿಸುವ ಅಗತ್ಯ ನನಗೆ ಕಾಣುವುದಿಲ್ಲ. ಅದನ್ನು ಎರಡು ಸ್ಪ್ಯಾನರ್ ಇಟ್ಟುಕೊಂಡು ಮನೆಯವರೇ ಬಿಚ್ಚಿ ನೋಡಬಹುದು. ಮುಳುಗಿದ್ದನ್ನು ಎತ್ತಲು ಜನ ಬೇಕು.

ಕೊನೆಯದಾಗಿ ಜೀವದ ಮಾತು. ಪಂಪಿನ ಲೈನಿಗೆ, ಕರೆಂಟು ಸೋರಿದರೆ ತಾನೇ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲೇಬೇಕು, ಅರ್ಥಿಂಗ್ ಸರಿ ಇರಬೇಕು. ಒದ್ದೆ ಕೈ, ಒದ್ದೆ ನೆಲ, ಹಳೆಯ ವಯರು, ಇವು ಒಟ್ಟಾಗುವ ಜಾಗ ಪಂಪುಶೆಡ್ಡು. ಬಾವಿಯೊಳಗೆ ಜನ ಇಳಿದಿರುವಾಗ ಮೇನ್ ಸ್ವಿಚ್ಚನ್ನೇ ತೆಗೆದು, ಫ್ಯೂಸನ್ನು ಜೇಬಿನಲ್ಲಿ ಇಟ್ಟುಕೊಳ್ಳಿ. ಆಳದ ಬಾವಿಯಲ್ಲಿ ಆಮ್ಲಜನಕ ಕಡಿಮೆ ಇರಬಹುದು. ದೀಪ ಇಳಿಸಿ ನೋಡುವುದು ಅದಕ್ಕೇ. ಆದರೆ ಕೆಳಗೆ ಡೀಸೆಲ್ ಅಥವಾ ಪೆಟ್ರೋಲ್ ಪಂಪು ಓಡಿಸಿದ್ದರೆ ಕಾರ್ಬನ್ ಮೊನಾಕ್ಸೈಡ್ ತುಂಬಿರುತ್ತದೆ. ಅದಕ್ಕೆ ವಾಸನೆ ಇಲ್ಲ, ದೀಪವೂ ಆರುವುದಿಲ್ಲ. ಇಂಜಿನ್ನನ್ನು ಯಾವ ಕಾರಣಕ್ಕೂ ಬಾವಿಯೊಳಗೆ ಇಳಿಸಬೇಡಿ. ಕೆಳಗಿದ್ದವರು ಬಿದ್ದರೆ ಹಿಂದೆಯೇ ಇನ್ನೊಬ್ಬರು ಇಳಿಯಬಾರದು. ಕಾಪಾಡಲು ಇಳಿದವರೂ ಸತ್ತ ಸುದ್ದಿ ಓದಿದಾಗಲೆಲ್ಲ ಸಂಕಟವಾಗುತ್ತದೆ. ಇಳಿಯುವವರ ಸೊಂಟಕ್ಕೆ ಮೊದಲೇ ಹಗ್ಗ ಕಟ್ಟಿರಲಿ, ಮೇಲೆ ಎಳೆಯಲು ಜನ ನಿಂತಿರಲಿ, ಅಗ್ನಿಶಾಮಕ ದಳಕ್ಕೆ ಕೂಡಲೇ ಫೋನ್ ಮಾಡಿ.

ಬೇಸಿಗೆಗೆಂದು ಪಂಪು ಒಳಗೆ ಇಳಿಸಿದವರು ಮೇ ಕೊನೆಯ ವಾರದೊಳಗೆ ಅದನ್ನು ಮೇಲೆ ತಂದುಬಿಡಿ. ಮುಂಗಾರು ಹಿಡಿದರೆ ಒಂದೆರಡು ದಿನದ ಮಳೆಗೇ ಮೆಟ್ಟು ಮುಳುಗಬಹುದು. ಹಾಗೆ ತರುವಾಗಲೇ ಫುಟ್‌ವಾಲ್ವ್ ಬಿಚ್ಚಿ ತೊಳೆದು, ಬೋಲ್ಟುಗಳಿಗೆ ಗ್ರೀಸ್ ಹಚ್ಚಿ, ಅಳತೆಯ ಹಗ್ಗವನ್ನು ಶೆಡ್ಡಿನಲ್ಲೇ ಮೊಳೆಗೆ ನೇತುಹಾಕಿ.